ನಮ್ಮಕ್ಕನ ಚೀಲ, ನಾನು ಬರೆದ ಟಿ.ಸಿ.

ನಮ್ಮಕ್ಕನಿಗೆ ಭಾಷಣ ಮಾಡಲು ಬರುವುದಿಲ್ಲ. ಅವಳಿಗೆ ಬರುವುದು ಬೈಯುವುದೊಂದೇ. ಆದ್ದರಿಂದಲೇ ಪೊಲೀಸ್ ಇಲಾಖೆಯವರು ಅವಳನ್ನು ಹುಡುಕಿ ಹಿಡಿದು ಭಾಷಣ ಮಾಡುವ ಕೆಲಸಕ್ಕೇ ಹಾಕಿದ್ದಾರೆ!

ಅವಳು ಎ.ಎಸ್.ಐ. ಕಾನ್‌ಸ್ಟೇಬಲ್ ಆಗಿ ಸೇರಿ, ಮೂವತ್ತು ವರ್ಷ ಬೈದು ಬೈದು ಹೆಗಲ ಮೇಲೆ ಒಂದು ನಕ್ಷತ್ರ ಗಿಟ್ಟಿಸಿಕೊಂಡವಳು. ಠಾಣೆಯಲ್ಲಿ ಕೂರಿಸಿದರೆ ದೂರು ಕೊಡಲು ಬಂದವರನ್ನೇ ಬೈಯುತ್ತಿದ್ದಳು. ಬಸ್ಸಿನಲ್ಲಿ ಮೊಬೈಲ್ ಕಳೆದುಕೊಂಡು ಬಂದವನೊಬ್ಬನಿಗೆ, ಮೇಲಿನ ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡು ಬಾಯಿ ತೆರೆದು ನಿದ್ದೆ ಮಾಡುವವರ ಬಗ್ಗೆ ಅರ್ಧ ಗಂಟೆ ಪಾಠ ಹೇಳಿದಳಂತೆ. ಆತ ದೂರೂ ಬೇಡ, ಮೊಬೈಲೂ ಬೇಡ ಎಂದು ಕೈಮುಗಿದು ಎದ್ದು ಹೋದನಂತೆ. ಇಂಥವು ಎರಡು ಮೂರು ನಡೆದ ಮೇಲೆ ಮೇಲಿನವರಿಗೆ ಒಂದು ಉಪಾಯ ಹೊಳೆಯಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಶಾಲೆಗಳಿಗೆ ಹೋಗಿ ಮಾದಕ ವಸ್ತುಗಳ ಬಗ್ಗೆ ಮಕ್ಕಳಿಗೆ ತಿಳಿವಳಿಕೆ ಕೊಡಲು ಒಬ್ಬರು ಬೇಕಾಗಿದ್ದರು. ಮಕ್ಕಳಾದರೆ ನಡುವೆ ಎದ್ದು ಹೋಗುವಂತಿಲ್ಲವಲ್ಲ!

ಇದನ್ನು ನಗುವುದಕ್ಕೆಂದೇ ಬರೆಯಲು ಕೂತಿದ್ದೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದು ಟಿ.ಸಿ. ಇದೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಯಲ್ಲಿ ಉಳಿಯುವಳೋ, ಗೇಟಿನಾಚೆ ಹೋಗುವಳೋ ಎಂಬುದು ಆ ಹಾಳೆಯ ಮೇಲೆ ನಿಂತಿತ್ತು. ಅದನ್ನು ಬರೆದ ಕೈ ನನ್ನದೇ. ಆ ಕೈಯ ಮೇಲೆ ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ನಾನು ಮಧುಗಿರಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ವಯಸ್ಸು ಐವತ್ತೊಂದು. ಅಕ್ಕನ ಕಸುಬು ಸಿಟ್ಟಾದರೆ ನನ್ನ ಕಸುಬು ಚಿಂತೆ. ಮನೆಯಿಂದ ಹೊರಟ ಮೇಲೆ ಗ್ಯಾಸ್ ಆಫ್ ಮಾಡಿದೆನೇ ಎಂದು ನೋಡಲು ಹಿಂತಿರುಗುವವನು ನಾನು. ನೋಡಿ ಹೊರಟ ಮೇಲೆ, ನೋಡುವಾಗ ಕೈ ತಗುಲಿ ಆನ್ ಆಯಿತೇನೋ ಎಂದು ಮತ್ತೊಮ್ಮೆ ಹಿಂತಿರುಗುವವನೂ ನಾನೇ. ಅಕ್ಷರ ದುಂಡಗಿದೆ ಎಂಬ ಒಂದೇ ಅಪರಾಧಕ್ಕಾಗಿ ಶಾಲೆಯ ಸಕಲ ಪತ್ರಗಳನ್ನೂ ನನ್ನ ಕೈಯಲ್ಲೇ ಬರೆಸುತ್ತಾರೆ. ಬರೆದು ಮುಗಿಸಿ ನಾನು ಅದರ ಬಗ್ಗೆಯೂ ಚಿಂತಿಸುತ್ತೇನೆ.

ಅಕ್ಕನ ಮನೆ ನಮ್ಮ ಬೀದಿಯಲ್ಲೇ. ದಿನಾ ಸಂಜೆ ಕಾಫಿಗೆ ಬಂದು ಆ ದಿನದ ಸಿಟ್ಟನ್ನೆಲ್ಲ ನಮ್ಮ ಹಜಾರದಲ್ಲಿ ಇಳಿಸಿ ಹೋಗುತ್ತಾಳೆ. ಜೀಪು ಸಿಗದ ದಿನ ಸಿಕ್ಕಿದ್ದನ್ನು ಹತ್ತಿ ಬರುತ್ತಾಳೆ. ಹುಲಿಕುಂಟೆ ಕಡೆಗೆ ಹೋಗಿದ್ದಾಗ ಒಮ್ಮೆ ಸಂತೆಗೆ ಹೊರಟ ಕುರಿಗಳ ಜೊತೆ ಲಗೇಜ್ ಆಟೋದಲ್ಲಿ ನಿಂತು ಬಂದಿದ್ದಳು. ಖಾಕಿಗೆಲ್ಲ ಕುರಿ ವಾಸನೆ. ಮೂಗು ಮುಚ್ಚಿಕೊಂಡ ನನ್ನನ್ನು ನೋಡಿ, ಆ ಕುರಿಗಳು ನಿಮ್ಮ ಮೇಷ್ಟ್ರುಗಳಿಗಿಂತ ಗಮನ ಕೊಟ್ಟು ನನ್ನ ಮಾತು ಕೇಳಿದವು ಎಂದಳು.

ಅವಳ ಸಿಟ್ಟೆಲ್ಲ ಈ ಜಾಗೃತಿ ಕಾರ್ಯಕ್ರಮ ಎಂಬ ಪದಾರ್ಥದ ಮೇಲೆ. ಅದು ಹೇಗಿರುತ್ತದೆಂದು ನಿಮಗೆ ಗೊತ್ತೇ? ಮೊದಲು ಬ್ಯಾನರ್ ಕಟ್ಟಬೇಕು. ಆಮೇಲೆ ಪ್ರಾರ್ಥನೆ, ಸ್ವಾಗತ ಗೀತೆ, ಹಾರದ ಬದಲು ಕುಂಡದಲ್ಲಿಟ್ಟ ಗಿಡ. ವೇದಿಕೆಯ ಮೇಲಿನವರೆಲ್ಲ ವೇದಿಕೆಯ ಮೇಲಿನವರನ್ನೆಲ್ಲ ಹೊಗಳಬೇಕು. ಇಷ್ಟು ಹೊತ್ತೂ ಮಕ್ಕಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಮಣ್ಣಿನಲ್ಲಿ ಕೂತಿರುತ್ತವೆ. ಕಡೆಯಲ್ಲಿ ಎಲ್ಲರೂ ಎದ್ದು ಬಲಗೈ ಮುಂದೆ ಚಾಚಿ, ಮಾದಕ ವಸ್ತುಗಳನ್ನು ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಬೇಕು. ಚಾಚಿದ ಕೈಗಳ ಫೋಟೋ ತೆಗೆದು ಗ್ರೂಪಿಗೆ ಹಾಕಿದರೆ ಆಯಿತು, ಜಾಗೃತಿ ಮೂಡಿತು! ಫೋಟೋ ಮಸುಕಾಗಿ ಬಂದರೆ ಜಾಗೃತಿಯೂ ಮಸುಕು. ಇನ್ನೊಮ್ಮೆ ಕೈ ಚಾಚಿಸುತ್ತಾರೆ. ಆ ಚಾಚಿದ ಕೈಗಳ ಹಿಂದೆ ಒಂದೊಂದು ಮಗು ಇದೆ, ಆ ಮಗುವಿಗೆ ಒಂದು ಮನೆ ಇದೆ, ಮನೆಯಲ್ಲಿ ಏನೋ ನಡೆಯುತ್ತಿದೆ ಎಂದು ಯಾರಿಗಾದರೂ ತೋಚುತ್ತದೆಯೇ? ನನಗೂ ತೋಚುತ್ತಿರಲಿಲ್ಲ. ಫೋಟೋದಲ್ಲಿ ನನ್ನ ಬೋಳುತಲೆ ಹೊಳೆಯುತ್ತದಲ್ಲ ಎಂದು ಚಿಂತಿಸುತ್ತಾ ನಾನೂ ಕೈ ಚಾಚಿದವನೇ.

ಕೊರಟಗೆರೆ ಕಡೆಯ ಒಂದು ಊರಲ್ಲಿ ಹೀಗೇ ಪ್ರತಿಜ್ಞೆ ನಡೆಯುತ್ತಿತ್ತಂತೆ. ಮುಖ್ಯ ಅತಿಥಿಯಾಗಿ ಬಂದ ಊರಿನ ಯಜಮಾನರೊಬ್ಬರು ಎಲ್ಲರಿಗಿಂತ ಮುಂದೆ ಕೈ ಚಾಚಿ ನಿಂತಿದ್ದರು. ಆದರೆ ತುಟಿ ಅಲ್ಲಾಡುತ್ತಿಲ್ಲ. ಎಡಗೆನ್ನೆ ಮಾತ್ರ ಉಬ್ಬಿದೆ. ಅಕ್ಕ ಪ್ರತಿಜ್ಞೆಯನ್ನು ಅರ್ಧಕ್ಕೇ ನಿಲ್ಲಿಸಿ, ಬಾಯಿ ಬುಡಿ ಯಜಮಾನ್ರೇ, ಕೇಳುಸ್ತಿಲ್ಲ ಎಂದಳು. ಯಜಮಾನರು ಕತ್ತು ಮೇಲೆತ್ತಿ ಕೈಸನ್ನೆಯಲ್ಲಿ ಮುಂದುವರಿಸಿ ಎಂದರು. ಬಾಯಿ ಬಿಟ್ಟರೆ ಬಿಳಿ ಪಂಚೆಯ ಗತಿ? ಅಕ್ಕ ಬಿಡಲಿಲ್ಲ. ಅವರು ಬೇಲಿಯತ್ತ ಹೋಗಿ, ಉಗಿದು, ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಬರುವ ತನಕ ಕಾರ್ಯಕ್ರಮ ನಿಂತಿತು. ಮರಳಿ ಬಂದವರು ಇಡೀ ಶಾಲೆಗೆ ಕೇಳುವಂತೆ ಪ್ರತಿಜ್ಞೆ ಹೇಳಿದರಂತೆ. ಅದಾದ ಮೇಲೆ ಆ ಊರಿನಲ್ಲಿ ಯಾವ ಸಮಾರಂಭಕ್ಕೂ ಮುಖ್ಯ ಅತಿಥಿಗಳು ಸಿಗುತ್ತಿಲ್ಲವೆಂದು ಕೇಳಿದ್ದೇನೆ.

ಇನ್ನು ಅವಳ ಚೀಲದ ವಿಷಯ. ಶಾಲೆಗೆ ಹೋದವಳು ನೇರ ವೇದಿಕೆಗೆ ಹೋಗುತ್ತಿರಲಿಲ್ಲ. ಹೆಡ್ಮಾಸ್ಟರು ಗಿಡ ಹಿಡಿದು ಕಾಯುತ್ತಿದ್ದರೆ ಇವಳು ಕೈಗೆ ಗ್ಲೌಸ್ ಹಾಕಿ, ಒಂದು ಖಾಲಿ ಗೊಬ್ಬರದ ಚೀಲ ಹಿಡಿದು ಶೌಚಾಲಯದ ಹಿಂದಕ್ಕೆ ನಡೆಯುತ್ತಿದ್ದಳು. ಅಲ್ಲಿಂದ ನೀರಿನ ಟ್ಯಾಂಕಿನ ಮರೆ, ಕಾಂಪೌಂಡಿನ ಮೂಲೆ, ಹೊಂಗೆ ಮರದ ಬುಡ. ಬಿದ್ದಿರುವ ಪೊಟ್ಟಣ, ಬಾಟಲಿ, ಮಾತ್ರೆಯ ಹಾಳೆ, ಎಲ್ಲವನ್ನೂ ಹೆಕ್ಕಿ ತಂದು ವೇದಿಕೆಯ ಮೇಜಿನ ಬಿಳಿ ಬಟ್ಟೆಯ ಮೇಲೆ ಸುರಿಯುತ್ತಿದ್ದಳು.

"ಇದು ನಿಮ್ ಇಸ್ಕೂಲಿನ ಬೆಳೆ. ಮೊದ್ಲು ಇದುನ್ನ ನೋಡಿ, ಆಮ್ಯಾಲೆ ಬ್ಯಾನರ್ ಕಟ್ಟಿ."

ಸುರಿದದ್ದನ್ನು ಒಂದೊಂದಾಗಿ ಎತ್ತಿ ಹಿಡಿದು, ಇದೇನು, ಇದರಿಂದ ಏನಾಗುತ್ತದೆ ಎಂದು ಬಿಡಿಸಿ ಹೇಳುವುದು ಅವಳ ಪಾಠದ ಕ್ರಮ. ಯಾರೂ ಆಕಳಿಸುತ್ತಿರಲಿಲ್ಲ ಎಂಬುದು ನಿಜ.

ಸುದ್ದಿ ಹರಡಲು ಎಷ್ಟು ಹೊತ್ತು? ಹೆಡ್ಮಾಸ್ಟರುಗಳ ನಡುವೆ ಸಂದೇಶಗಳು ಓಡಾಡತೊಡಗಿದವು. 'ಮೇಡಂ ಶಿರಾ ಬಿಟ್ಟರು.' 'ಹಿಂಭಾಗ ಗುಡಿಸಿ.' 'ಟ್ಯಾಂಕಿನ ಹಿಂದೆ ಮರೆಯಬೇಡಿ.' ನಾಲ್ಕು ತಾಲ್ಲೂಕಿನ ಶಾಲೆಗಳ ಶೌಚಾಲಯದ ಹಿಂಭಾಗ ಅಷ್ಟು ಸ್ವಚ್ಛವಾಗಿದ್ದದ್ದು ಚರಿತ್ರೆಯಲ್ಲೇ ಇರಲಿಕ್ಕಿಲ್ಲ! ಅಕ್ಕ ಅದಕ್ಕೂ ಸಿಟ್ಟಾದಳು. ಗುಡಿಸಿದ್ದನ್ನು ಎಲ್ಲಿಗೆ ಹಾಕಿದಿರಿ ಎಂದು ಕೇಳಿ ನೇರ ಕಸದ ಗುಂಡಿಗೇ ಇಳಿಯತೊಡಗಿದಳು. ಅರ್ಧ ಸುಟ್ಟ ಪೊಟ್ಟಣ ಹಿಡಿದು ಮಸಿ ಮೆತ್ತಿದ ಮುಖದಲ್ಲಿ ವೇದಿಕೆ ಹತ್ತಿದವಳನ್ನು ನೋಡಿ ಒಂದನೆಯ ತರಗತಿಯ ಮಗುವೊಂದು ಅತ್ತೇಬಿಟ್ಟಿತಂತೆ.

ಅವಳನ್ನು ಬೈದು ಗೆದ್ದವರು ಯಾರೂ ಇಲ್ಲವೆಂದು ತಿಳಿಯಬೇಡಿ. ಪಾವಗಡದಾಚೆ, ಕ್ಯಾತಗಾನಚೆರ್ಲು ಕಡೆಗೆ ಹೋದರೆ ಹೊಲಗಳ ತುಂಬ ಸೋಲಾರ್ ಹಲಗೆಗಳು ಸೂರ್ಯನ ಕಡೆ ಮುಖ ಮಾಡಿ ನಿಂತಿರುತ್ತವಲ್ಲ, ಆ ಕಡೆಯ ಹುಡುಗನೊಬ್ಬ ಎದ್ದು ನಿಂತು, ತನ್ನ ಅಜ್ಜಿ ಹೊಗೆಸೊಪ್ಪು ತಿನ್ನುತ್ತಾಳೆ, ಅವಳನ್ನೂ ಹಿಡಿದುಕೊಂಡು ಹೋಗುತ್ತೀರಾ ಎಂದು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕೇಳಿದ. ಮೊದಲು ನೀನು ಬಿಡಿಸು, ನಿನ್ನ ಕೈಲಾಗದಿದ್ದರೆ ನಾನು ಬರುತ್ತೇನೆ ಎಂದಳು ಅಕ್ಕ. ಆ ಹುಡುಗ ಎಷ್ಟು ಶ್ರದ್ಧಾವಂತನೆಂದರೆ, ಮನೆಗೆ ಹೋದವನೇ ಅಜ್ಜಿಯ ಎಲೆ ಅಡಿಕೆ ಚೀಲವನ್ನು ಬಾವಿಗೆ ಎಸೆದಿದ್ದಾನೆ. ಮುಂದಿನ ವಾರ ಅಕ್ಕ ಬಸ್ಸಿಳಿಯುವುದನ್ನೇ ಕಾಯುತ್ತಿದ್ದ ಮುದುಕಿ ಅಡ್ಡ ಬಂದು ನಿಂತಿತು.

"ನೀಕೇಂ ಪನಿ ಲೇದಾ, ಅಮ್ಮಾ? ಬ್ಯಾರೆ ಕೆಲ್ಸ ಇಲ್ವಾ ನಿಂಗೆ? ಕಳ್ಳರನ್ನ ಬುಟ್ಟು ನನ್ ಮೊಮ್ಮಗನಿಗೆ ಬುದ್ಧಿ ಹೇಳ್ಕೊಟ್ಟಿದ್ದೀಯಲ್ಲ!"

ಅಲ್ಲಿಂದ ಶುರುವಾದದ್ದು ಅಕ್ಕನ ಮುತ್ತಜ್ಜನ ತನಕ ಹೋಯಿತು. ಅಕ್ಕ ಟೋಪಿ ಕಂಕುಳಲ್ಲಿಟ್ಟುಕೊಂಡು ಪೂರ್ತಿ ಕೇಳಿಸಿಕೊಂಡಳಂತೆ. ಸಂಜೆ ಕಾಫಿ ಕುಡಿಯುತ್ತಾ, ಆಯಮ್ಮ ನನಗಿಂತ ಚೆನ್ನಾಗಿ ಬೈತಾಳೆ ಕಣ್ಲಾ ಎಂದಾಗ ಅವಳ ಕಣ್ಣಲ್ಲಿ ಗುರುವನ್ನು ಕಂಡ ಭಕ್ತಿಯಿತ್ತು.

ಹೋದ ವರ್ಷ ಅವಳ ಕಾರ್ಯಕ್ರಮ ನಮ್ಮ ಶಾಲೆಗೂ ಬಂತು. ನಾನು ಹಿಂದಿನ ದಿನವೇ ರಜೆ ಹಾಕಬೇಕಿತ್ತು. ರಜೆ ಹಾಕಿದರೆ ಏನೆಂದುಕೊಳ್ಳುತ್ತಾರೋ ಎಂಬ ಚಿಂತೆಯಲ್ಲಿ ಹಾಕಲಿಲ್ಲ. ಚೀಲ ಸುರಿದಾದ ಮೇಲೆ ಅವಳಿಗೆ ಹೊಸ ಹುರುಪು ಬಂದು, ಮಕ್ಕಳ ಬ್ಯಾಗು ನೋಡುವ ಮೊದಲು ಮೇಷ್ಟ್ರುಗಳ ಜೇಬು ನೋಡೋಣ ಎಂದಳು. ಮೊದಲ ಬಲಿ ಯಾರೆಂದು ಬೇರೆ ಹೇಳಬೇಕೇ? ನನ್ನ ಜೇಬಿನಿಂದ ಬಿ.ಪಿ. ಮಾತ್ರೆ, ಗ್ಯಾಸ್ ಮಾತ್ರೆ, ತಲೆನೋವಿನ ಮಾತ್ರೆ, ತಲೆ ನೋಯದಿದ್ದರೂ ಇರಲಿ ಎಂದು ಇನ್ನೊಂದು ಹಾಳೆ ತಲೆನೋವಿನ ಮಾತ್ರೆ, ಕಿವಿಗೆ ಹತ್ತಿ, ಒಣಶುಂಠಿ ಹೊರಬಂದವು. "ಇವ್ನು ನನ್ ತಮ್ಮ. ಇವ್ನಿಗೆ ಮಾತ್ರೆನೇ ಚಟ" ಎಂದು ಅಕ್ಕ ಮೈಕಿನಲ್ಲಿ ಘೋಷಿಸಿದಳು. ಮಕ್ಕಳು ನಕ್ಕದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅಂದಿನಿಂದ ನಾನು ಮಾತ್ರೆ ಮೇಷ್ಟ್ರು.

ಅದೇ ದಿನ ಅಕ್ಕ ಮೇಜಿನ ಮೇಲಿನ ಇನ್ನೊಂದು ವಸ್ತುವನ್ನೂ ಎತ್ತಿ ತೋರಿಸಿದ್ದಳು. ಅದು ಯಾವ ಅಂಗಡಿಯಲ್ಲೂ ಸಿಗುವಂಥದು, ಬೇರೆ ಕೆಲಸಕ್ಕೆಂದು ಮಾಡಿದ್ದು. ಅದರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಇನ್ನು ಸ್ವಲ್ಪ ಹೊತ್ತಿಗೆ ನಿಮಗೇ ತಿಳಿಯುತ್ತದೆ. ಅದನ್ನು ಮೂಸಿದರೆ ಮಿದುಳು ಹೇಗೆ ಹಾಳಾಗುತ್ತದೆಂದು ಅವಳು ಹೇಳಿದಾಗ ಮಕ್ಕಳು ಉಸಿರು ಬಿಗಿಹಿಡಿದು ಕೇಳಿದ್ದವು. ಫೋಟೋ ಕೂಡ ಚೆನ್ನಾಗಿ ಬಂದಿತ್ತು.

ಈ ವರ್ಷ ದಸರಾ ರಜೆ ಮುಗಿದ ಮೇಲೆ ಒಂದು ದಿನ, ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಊಟದ ಬಿಡುವಿನಲ್ಲಿ ಕೊನೆಯ ಬೆಂಚಿನಡಿ ಕೂತು ಕರ್ಚೀಫಿನಲ್ಲಿ ಅದೇ ವಸ್ತುವನ್ನು ಮೂಸುತ್ತಾ ವಿಜ್ಞಾನದ ಮೇಡಂ ಕೈಗೆ ಸಿಕ್ಕಿಬಿದ್ದಳು. ನಿಜವಾದ ಹೆಸರು ಬೇಡ, ರತ್ನ ಎನ್ನೋಣ. ಜಗಳಗಂಟಿಯಲ್ಲ, ಎದುರು ಮಾತಾಡುವವಳಲ್ಲ. ಕರೆದರೆ ಒಂದೇ ಕೂಗಿಗೆ ಓಡಿ ಬರುವ ಹುಡುಗಿ.

ನಮ್ಮ ಹೆಡ್ಮಾಸ್ಟರು ಕೆಟ್ಟವರಲ್ಲ. ಹೆದರುವವರು. ಹೆದರುವವರು ಎಷ್ಟು ಕೆಟ್ಟದ್ದು ಮಾಡಬಲ್ಲರೆಂದು ನನ್ನನ್ನೇ ನೋಡಿಕೊಂಡು ಹೇಳಬಲ್ಲೆ. ಶಾಲೆಯ ಹೆಸರು ಹೋಗುತ್ತದೆ, ಪೇಪರಿನವರು ಬರುತ್ತಾರೆ, ಉಳಿದ ಪೋಷಕರು ಮಕ್ಕಳನ್ನು ಬಿಡಿಸುತ್ತಾರೆ ಎಂದು ಅವರು ಒಂದಾದ ಮೇಲೊಂದು ಹೇಳುತ್ತಿದ್ದರೆ, ನಾನು ಅವರಿಗೆ ಹೊಳೆಯದ ಇನ್ನೂ ನಾಲ್ಕು ಅಪಾಯಗಳನ್ನು ಸೇರಿಸಿದೆ. ಕಡೆಗೆ ಅವರು ಟಿ.ಸಿ. ಪುಸ್ತಕವನ್ನು ನನ್ನತ್ತ ತಳ್ಳಿದರು.

ವರ್ಷದ ನಡುವೆ ಹತ್ತನೆಯ ತರಗತಿಯವಳಿಗೆ ಟಿ.ಸಿ. ಕೊಡುವುದೆಂದರೆ ಏನೆಂದು ನಮಗಿಬ್ಬರಿಗೂ ಗೊತ್ತಿತ್ತು. ಪರೀಕ್ಷೆಗೆ ಕೆಲವೇ ತಿಂಗಳಿರುವಾಗ ಬೇರೆ ಯಾರು ಸೇರಿಸಿಕೊಳ್ಳುತ್ತಾರೆ? ಅವಳ ಓದು ಅಲ್ಲಿಗೆ ಮುಗಿದಂತೆ. ಗೊತ್ತಿದ್ದೂ ಬರೆದೆ. ಹೊರಗೆ ಹಾಕಿದೆವೆಂದು ಬರೆಯುವಂತಿಲ್ಲ. ಹಾಗಾಗಿ ಶಾಲೆ ಬಿಡಲು ಕಾರಣ ಎಂಬಲ್ಲಿ 'ಪೋಷಕರ ಕೋರಿಕೆಯ ಮೇರೆಗೆ' ಎಂದು ಬರೆದೆ. ನಡತೆ ಎಂಬಲ್ಲಿ 'ತೃಪ್ತಿಕರ' ಎಂದು ಬರೆದೆ. ಅಕ್ಷರಗಳು ದುಂಡಗೆ ಬಂದವು. ಮರುದಿನ ಅವಳ ತಾಯಿ ಬಂದು ಸಹಿ ಹಾಕಿದರೆ ಮುಗಿಯಿತು.

ಅಕ್ಕನಿಗೆ ಹೇಳಬಾರದೆಂದುಕೊಂಡಿದ್ದೆ. ಆದರೆ ಆ ಸಂಜೆ ಅವಳು ಬಂದು ಕೂತಾಗ ನಾನು ಎದ್ದೆದ್ದು ಹೋಗಿ ಗ್ಯಾಸ್ ನೋಡಿ ಬರುತ್ತಿದ್ದೆ. ಎರಡು ಸಲದ ತನಕ ಅವಳು ಸುಮ್ಮನಿದ್ದಳು. ಅದು ನನ್ನ ಮಾಮೂಲಿ. ಮೂರನೆಯ ಸಲ ಲೋಟ ಕೆಳಗಿಟ್ಟಳು.

"ಏನ್ ಮಾಡ್ಬುಟ್ಟು ಬಂದಿದ್ದೀಯ, ಹೇಳು."

ಹೇಳಿದೆ. ಮೂವತ್ತು ವರ್ಷ ಸರ್ವಿಸ್ ಆದವಳ ಮುಂದೆ ಬಚ್ಚಿಡುವುದು ಹೇಗೆ? ಅವಳು ಬೈಯಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಟಿ.ಸಿ.ಯಲ್ಲಿ ಏನೇನು ಬರೆದೆ ಎಂದು ವಿಚಾರಣೆ ಶುರು ಮಾಡಿದಳು.

"ನಡತೆ ಏನಂತ ಬರ್ದೆ?"

"ತೃಪ್ತಿಕರ."

"ತೃಪ್ತಿಯಾಗಿರೋ ಹುಡ್ಗೀನ ಯಾಕ್ಲಾ ಆಚೆಗೆ ಹಾಕ್ತಿದ್ದೀಯ?"

ನಾನು ಮತ್ತೆ ಅಡುಗೆಮನೆಯ ಕಡೆ ನೋಡಿದೆ.

"ಕಾರಣ ಏನಂತ?"

"ಪೋಷಕರ ಕೋರಿಕೆಯ ಮೇರೆಗೆ."

"ಅವ್ರವ್ವ ಬಂದು ಕೋರಿದ್ಲಾ?"

"ನಾಳೆ ಬಂದು ಕೋರ್ತಾಳೆ ಅಕ್ಕ."

ಅಕ್ಕ ನನ್ನ ಮುಖ ನೋಡಿದಳು. ಕಳ್ಳರನ್ನು ಹೀಗೆ ನೋಡುತ್ತಾಳೋ ಏನೋ. ಕಾಫಿ ಅಲ್ಲೇ ಬಿಟ್ಟು ಎದ್ದು ಹೋದಳು. ನನ್ನ ಹೆಂಡತಿ ಒಳಗಿನಿಂದ ಬಂದು ಆ ಲೋಟ ತೆಗೆದುಕೊಂಡಳು; ಇನ್ನೂ ಅರ್ಧ ಕಾಫಿಯಿದ್ದ ನನ್ನ ಲೋಟವನ್ನೂ ಎತ್ತಿಕೊಂಡು ಹೋದಳು. ನನ್ನ ಪರವಾಗಿ ಆ ಮನೆಯಲ್ಲಿ ಯಾರೂ ಇರಲಿಲ್ಲ, ನಾನೂ ಸೇರಿ.

ಮರುದಿನ ರತ್ನಳ ತಾಯಿ ಒಂದು ದಿನದ ಗಾರ್ಮೆಂಟ್ಸ್ ಕೆಲಸ ಬಿಟ್ಟು ಬಂದಿದ್ದಳು. ಕೂರಿ ಎಂದರೂ ಕೂರದೆ ಹೆಡ್ಮಾಸ್ಟರ ಮೇಜಿನ ಮುಂದೆ ನಿಂತೇ ಇದ್ದಳು. ನಾನು ಸಹಿ ಹಾಕುವ ಜಾಗ ತೋರಿಸಲು ಪುಸ್ತಕ ತೆರೆಯುವ ಹೊತ್ತಿಗೆ ಅಕ್ಕ ಒಳಗೆ ಬಂದಳು. ಹೆಡ್ಮಾಸ್ಟರು ಅಭ್ಯಾಸಬಲದಿಂದ ಕುಂಡದ ಗಿಡಕ್ಕಾಗಿ ಸುತ್ತಮುತ್ತ ನೋಡಿದರು. ಅವಳು ಹುಡುಗಿಯ ಜೊತೆ ಮೊದಲು ಮಾತಾಡಬೇಕೆಂದಳು. ಖಾಕಿ ಕಂಡು ಹೆದರೀತು ಎಂದು ನನ್ನನ್ನೂ ಜೊತೆಗೆ ಕರೆದುಕೊಂಡಳು.

ಖಾಲಿ ತರಗತಿಯಲ್ಲಿ ರತ್ನ ಬೆಂಚಿನ ತುದಿಯಲ್ಲಿ ಕೂತಿದ್ದಳು. ಅಕ್ಕ ತನಗೆ ಗೊತ್ತಿದ್ದ ಒಂದೇ ದನಿಯಲ್ಲಿ ಶುರು ಮಾಡಿದಳು. ಇದನ್ನೆಲ್ಲ ಹೇಳಿಕೊಟ್ಟವರು ಯಾರು, ಯಾವ ಅಂಗಡಿಯವನು, ಯಾವ ಹುಡುಗ, ಹೆಸರು ಹೇಳು, ಅವನ ಚರ್ಮ ಸುಲಿಯುತ್ತೇನೆ ಎಂದು. ಅಕ್ಕ ಮತ್ತೆ ಕೇಳಿದಳು. ಮೂರನೆಯ ಸಲ ಕೇಳಿದಾಗ ರತ್ನ ನನ್ನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ, ಮೆಲ್ಲಗೆ ಹೇಳಿದಳು.

"ನೀವೇ ಮೇಡಂ."

"ಏನು?"

"ಹೋದ್ ವರ್ಸ ಮೇಜಿನ ಮ್ಯಾಲೆ ಇಟ್ಟು ತೋರ್ಸುದ್ರಲ್ಲ. ಇದುನ್ನ ಮೂಸುದ್ರೆ ಪಕ್ಕದಾಗೆ ನಿಂತು ಕರುದ್ರೂ ಕೇಳ್ಸಲ್ಲ ಅಂದ್ರಿ. ಅಲ್ಲೀಗಂಟ ನಂಗೆ ಗೊತ್ತಿರ್ಲಿಲ್ಲ."

ಹೊರಗೆ ಮೈದಾನದಲ್ಲಿ ಎಂಟನೆಯವರು ಖೋ ಖೋ ಆಡುತ್ತಿದ್ದರು. ನಾಲ್ಕು ತಾಲ್ಲೂಕನ್ನು ನಡುಗಿಸಿದ ನಮ್ಮಕ್ಕ ಮಕ್ಕಳ ಬೆಂಚಿನ ಮೇಲೆ ಮೆಲ್ಲಗೆ ಕೂತಳು. ಹೆದರಿಸಲೆಂದು ಅವಳು ಹೇಳಿದ ಮಾತನ್ನೇ ಈ ಹುಡುಗಿ ಒಂದು ಭರವಸೆಯ ಹಾಗೆ ಎತ್ತಿಟ್ಟುಕೊಂಡಿತ್ತು.

"ಕರುದ್ರೆ ಕೇಳ್ಸಬಾರ್ದು ಅಂತ ಯಾಕನ್ನುಸ್ತವ್ವ ನಿಂಗೆ?" ಅಕ್ಕನ ದನಿ ಯಾರದೋ ದನಿಯ ಹಾಗಿತ್ತು.

ರತ್ನ ಬಿಟ್ಟು ಬಿಟ್ಟು ಹೇಳಿದಳು. ಅಪ್ಪ ಇಲ್ಲ. ಅವ್ವ ಬೆಳಗಿನ ಐದಕ್ಕೇ ಗಾರ್ಮೆಂಟ್ಸ್ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚಿದ ಮೇಲೆ. ಹಾಸಿಗೆ ಹಿಡಿದ ಅಜ್ಜಿ ಕರೆಯುತ್ತಾಳೆ. ಆರು ವರ್ಷದ ತಮ್ಮ ಕರೆಯುತ್ತಾನೆ. ನೀರು ಬಂತೆಂದು ಪಕ್ಕದ ಮನೆಯವರು ಕರೆಯುತ್ತಾರೆ. ಪುಸ್ತಕ ಬಿಡಿಸಿದರೆ ಸಾಕು, ಯಾರಾದರೂ ಕರೆಯುತ್ತಾರೆ.

"ಇಸ್ಕೂಲಲ್ಲೂ ಸೀಮೆಸುಣ್ಣ ತತ್ತಾ, ನೀರು ತತ್ತಾ ಅಂತ ನನ್ನೇ ಕರೀತಾರೆ ಮೇಡಂ."

ಯಾರು ಕರೆಯುತ್ತಾರೆಂದು ಅವಳು ಹೇಳಲಿಲ್ಲ. ಮಾತ್ರೆ ನುಂಗಲು ದಿನಕ್ಕೆ ಮೂರು ಸಲ ನೀರು ತರಿಸಿಕೊಳ್ಳುವ ಮೇಷ್ಟ್ರು ನಮ್ಮ ಶಾಲೆಯಲ್ಲಿ ಒಬ್ಬನೇ. ಒಂದೇ ಕೂಗಿಗೆ ಓಡಿ ಬರುತ್ತಾಳೆಂದು ನಾನು ಅವಳನ್ನು ಎಷ್ಟು ಮೆಚ್ಚಿಕೊಂಡಿದ್ದೆ! ಮೆಚ್ಚಿಕೊಂಡು, ಆಮೇಲೆ ದುಂಡಗಿನ ಅಕ್ಷರದಲ್ಲಿ ಹೊರಗೆ ಕಳಿಸಲು ಹೊರಟಿದ್ದೆ. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸಿತು.

ಅಕ್ಕ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ತಪ್ಪಾಯ್ತು ಕಣವ್ವ" ಎಂದಳು.

ಐವತ್ತೊಂದು ವರ್ಷದಲ್ಲಿ ಆ ಮಾತನ್ನು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನನಗೆ ಹೇಳಿದವಳಲ್ಲ, ನಮ್ಮಪ್ಪನಿಗೆ ಹೇಳಿದವಳಲ್ಲ, ಅವಳ ಮೇಲಧಿಕಾರಿಗಳಿಗಂತೂ ಅಲ್ಲವೇ ಅಲ್ಲ.

ಹೆಡ್ಮಾಸ್ಟರ ಕೋಣೆಗೆ ವಾಪಸು ಬರುವ ಹೊತ್ತಿಗೆ ಅವಳ ಸಿಟ್ಟೂ ವಾಪಸು ಬಂದಿತ್ತು. ಆದರೆ ಅದು ನಮಗೆ ಪರಿಚಯವಿದ್ದ ಸಿಟ್ಟಲ್ಲ. ಅದಕ್ಕೆ ಸದ್ದೇ ಇರಲಿಲ್ಲ.

"ಸಾರ್, ಇನ್ನೊಂದು ಟಿ.ಸಿ. ಬರೀಬೇಕು."

"ಯಾರದು ಮೇಡಂ?"

"ನಂದು. ಈ ಮಗೀಗೆ ಇದುನ್ನ ಹೇಳ್ಕೊಟ್ಟೋಳು ನಾನು. ಮೂಸಿದೋಳ್ನ ಆಚೆಗೆ ಹಾಕೋದಾದ್ರೆ ಹೇಳ್ಕೊಟ್ಟೋಳ್ನ ಮೊದ್ಲು ಹಾಕಿ. ನಡತೆ ತೃಪ್ತಿಕರ ಅಂತ ಮಾತ್ರ ಬರೀಬ್ಯಾಡಿ."

ಹೆಡ್ಮಾಸ್ಟರು ನಗಲು ಪ್ರಯತ್ನಿಸಿದರು. ಯಾರೂ ಜೊತೆಗೂಡದ್ದರಿಂದ ನಿಲ್ಲಿಸಿದರು. ಉಳಿದ ಮಕ್ಕಳ ಗತಿ ಏನು, ಶಾಲೆಯ ಹೆಸರೇನಾಗಬೇಕು ಎಂದು ಮತ್ತೆ ಅದನ್ನೇ ತೆಗೆದರು.

"ಅದು ಸಿಗೋ ಅಂಗಡಿ ನಿಮ್ ಗೇಟಿಂದ ಒಳಗೈತಾ, ಆಚೆಗೈತಾ?"

"ಆಚೆಗಿದೆ."

"ಮತ್ತೆ ಮಗೀನ ಯಾವ ಕಡೀಕೆ ತಳ್ತಾ ಇದೀರ ಸಾರ್?"

ಆಗ ಅಲ್ಲಿಯ ತನಕ ಮಾತಾಡದೆ ನಿಂತಿದ್ದ ರತ್ನಳ ತಾಯಿ ಬಾಯಿ ತೆರೆದಳು. "ನಾನೇನೂ ಕೇಳ್ಕೊಂಡಿಲ್ಲ ಸಾ. ಬಾ ಅಂದ್ರಿ, ಬಂದೆ. ನನ್ ಮಗಳು ಓದ್ಲಿ ಅಂತಾನೇ ನಾನು ಆ ಬಸ್ಸು ಹತ್ತೋದು."

ಹೆಡ್ಮಾಸ್ಟರು ನನ್ನ ಮುಖ ನೋಡಿದರು. ಅವರಿಗೆ ಜೊತೆಗೊಬ್ಬ ಹೆದರುವವನು ಬೇಕಾಗಿತ್ತು. ನೀವೇನಂತೀರಿ ಮೇಷ್ಟ್ರೇ ಎಂದರು. ನನಗೆ ಆಗಲೂ ಹೆದರಿಕೆಯೇ. ಇದು ಪೇಪರಿನಲ್ಲಿ ಬಂದರೆ? ಮೇಲಿನವರು ಕೇಳಿದರೆ? ನಾಳೆ ಇನ್ನೊಂದು ಮಗು ಸಿಕ್ಕಿಬಿದ್ದರೆ? ಆದರೆ ಅಷ್ಟೆಲ್ಲ ಹೆದರಿಕೆಯ ಅಡಿಯಲ್ಲಿ ನನ್ನ ಮೇಲೆ ನನಗಿದ್ದ ಸಿಟ್ಟು ಕುದಿಯುತ್ತಿತ್ತು. ಅಂದು ಅದೇ ಗೆದ್ದಿತು. ಟಿ.ಸಿ. ಪುಸ್ತಕದಿಂದ ಹಾಳೆ ಹರಿಯುವಂತಿಲ್ಲ, ಅದು ನಿಯಮ. ಕೆಂಪು ಪೆನ್ನು ತೆಗೆದು ಆ ಹಾಳೆಯ ಮೂಲೆಯಿಂದ ಮೂಲೆಗೆ 'ರದ್ದು' ಎಂದು ಬರೆದೆ. ಅಕ್ಷರ ಸೊಟ್ಟಪಟ್ಟ ಬಂತು. ನನ್ನ ಸರ್ವಿಸ್ಸಿನಲ್ಲಿ ಅಷ್ಟು ಕೆಟ್ಟದಾಗಿ ಬರೆದದ್ದಿಲ್ಲ. ಹೆಡ್ಮಾಸ್ಟರು ಅದನ್ನು ನೋಡಿ, ಉಸಿರು ಬಿಟ್ಟು, ಕೆಳಗೆ ಸಹಿ ಹಾಕಿದರು. ಅವರಿಗೂ ಹಗುರಾಯಿತೇನೋ, ಆ ತಾಯಿಗೆ ಕಾಫಿ ತರಿಸಿದರು. ತರಲು ಯಾವ ಮಗುವನ್ನೂ ಕಳಿಸಲಿಲ್ಲ. ನಾನೇ ಹೋಗಿ ತಂದೆ.

ಇದರಿಂದ ಎಲ್ಲ ಸರಿಹೋಯಿತೆಂದು ಬರೆದರೆ ಅದೂ ಒಂದು ಜಾಗೃತಿ ಕಾರ್ಯಕ್ರಮವಾದೀತು. ಅಕ್ಕ ರತ್ನಳನ್ನು ತಾಲ್ಲೂಕು ಆಸ್ಪತ್ರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದಾಳೆ. ನಡುವೆ ಒಮ್ಮೆ ಹುಡುಗಿ ಮತ್ತೆ ಜಾರಿದಳು. ಅಕ್ಕ ಬೈಯಲಿಲ್ಲ, ಮತ್ತೆ ಕರೆದುಕೊಂಡು ಹೋದಳು. ಶಾಲೆಗಳಿಗೆ ಗೊಬ್ಬರದ ಚೀಲ ಒಯ್ಯುವುದನ್ನು ಬಿಟ್ಟಳು. ಈಗ ಅವಳು ಯಾವ ವಸ್ತುವನ್ನೂ ತೋರಿಸುವುದಿಲ್ಲ, ಹೆಸರೂ ಹೇಳುವುದಿಲ್ಲ. ಮಕ್ಕಳ ನಡುವೆ ಮಣ್ಣಿನಲ್ಲೇ ಕೂತು, ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ, ಎದ್ದು ಏನೇನು ಕೆಲಸ ಮಾಡುತ್ತೀರಿ ಎಂದು ಕೇಳುತ್ತಾಳಂತೆ. ಇದರಲ್ಲಿ ಫೋಟೋ ಎಲ್ಲಿ ತೆಗೆಯುವುದು ಮೇಡಂ ಎಂದು ಕೇಳಿದವರಿಗೆ ಮಾತ್ರ ಹಳೆಯ ಅಕ್ಕನ ದರ್ಶನವಾಗುತ್ತದೆ.

ಶನಿವಾರ ಬೆಳಗಿನ ತರಗತಿ ಮುಗಿದು ಶಾಲೆ ಖಾಲಿಯಾದ ಮೇಲೆ ಅವಳು ಸಾದಾ ಸೀರೆಯುಟ್ಟು ನಮ್ಮ ಶಾಲೆಗೆ ಬಂದು, ರತ್ನಳನ್ನು ಒಂದು ಗಂಟೆ ಕೊನೆಯ ಕೋಣೆಯಲ್ಲಿ ಒಬ್ಬಳನ್ನೇ ಕೂರಿಸುತ್ತಾಳೆ. ಆ ಹೊತ್ತಿಗೆ ರತ್ನಳ ಅಜ್ಜಿಯನ್ನು ನೋಡಿಕೊಳ್ಳಲು ನನ್ನ ಹೆಂಡತಿಯನ್ನು ನೇಮಿಸಿದ್ದಾಳೆ. ನನ್ನನ್ನು ಯಾರೂ ಕೇಳಲಿಲ್ಲ. ಮೊನ್ನೆ ಶನಿವಾರ ಪರೀಕ್ಷೆಯ ಅರ್ಜಿಗೆ ರತ್ನಳ ಒಂದು ಸಹಿ ಬಾಕಿಯಿತ್ತು. ಕಡೆಯ ದಿನ ಇನ್ನೂ ದೂರವಿದ್ದರೂ ನನ್ನ ಸ್ವಭಾವ ಗೊತ್ತಲ್ಲ, ಅರ್ಜಿ ಹಿಡಿದು ಕೊನೆಯ ಕೋಣೆಯ ಕಡೆ ಓಡಿದೆ. ಬಾಗಿಲ ಹೊರಗೆ ಅಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದಳು. ರತ್ನಳ ತಮ್ಮ ಅವಳ ತೊಡೆಗೆ ಒರಗಿ ಕಡಲೆ ಮಿಠಾಯಿ ಕಡಿಯುತ್ತಿದ್ದ. ನಾನು ಹೆಸರು ಹಿಡಿದು ಕೂಗಲು ಬಾಯಿ ತೆರೆದೆ. ಅಕ್ಕ ತುಟಿಯ ಮೇಲೆ ಬೆರಳಿಟ್ಟಳು.

ಕಿಟಕಿಯಲ್ಲಿ ಇಣುಕಿದೆ. ಹುಡುಗಿ ಓದುತ್ತಿರಲಿಲ್ಲ. ಪುಸ್ತಕ ಮುಚ್ಚಿತ್ತು. ಅಂಗೈಯಲ್ಲಿ ಗಲ್ಲ ಇಟ್ಟುಕೊಂಡು ಆಚೆಯ ಬೆಟ್ಟದ ಕಡೆ ನೋಡುತ್ತಾ ಸುಮ್ಮನೆ ಕೂತಿತ್ತು.

"ಇನ್ನೂ ಅರ್ಧ ಗಂಟೆ ಐತೆ" ಅಕ್ಕ ಪಿಸುಗುಟ್ಟಿದಳು. "ಕರೀಬ್ಯಾಡ."

ಸಹಿ ಸೋಮವಾರವೂ ಆದೀತು ಎಂದುಕೊಂಡೆ. ಅರ್ಜಿಯನ್ನು ಮಡಿಸಿ ಜೇಬಿಗೆ ಹಾಕಿ, ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದ ಹಾಗೆ ಜಗಲಿಯ ಮೆಟ್ಟಿಲಿಳಿದೆ.